ಮಂಜು, ಮೋಡ, ಹಣ್ಣೆಲೆ: ಶರತ್ಕಾಲದ ಬೆಟ್ಟಗಳ ಫೋಟೋ ತೆಗೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಲೆ ಹಣ್ಣಾಗುವ ಹೊತ್ತಿಗೆ ಕ್ಯಾಮೆರಾ ಹೊತ್ತು ಬೆಟ್ಟದ ಕಡೆ ಹೊರಡುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಸೇರಿಸಿದ್ದೇನೆ. ಕೆಲವಕ್ಕೆ ಉದ್ದದ ಉತ್ತರ ಇದೆ, ಕೆಲವಕ್ಕೆ ಎರಡು ಸಾಲು ಸಾಕಾಗಿದೆ. ಸೆಟ್ಟಿಂಗ್‌ಗಳ ಅಂಕಿಗಳನ್ನು ಶುರುವಿಗೆ ಮಾತ್ರ ಹಿಡಿದುಕೊಳ್ಳಿ. ಮೇಲೆ ಹೋದ ಮೇಲೆ ಅವು ಐದು ನಿಮಿಷಕ್ಕೊಮ್ಮೆ ಬದಲಾಗುತ್ತವೆ.

ಮೋಡ ಕವಿದ ದಿನ ಬೆಟ್ಟಕ್ಕೆ ಹೋಗಿ ಏನು ಸಿಗುತ್ತದೆ? ಬಿಸಿಲು ಬಂದ ಮೇಲೆ ಹೋಗಬಾರದಾ?

ಹೋಗಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ನೀಲಿ ಆಕಾಶದ ದಿನ ಇರುವುದೆಲ್ಲ ಒಟ್ಟಿಗೇ ಕಾಣುತ್ತದೆ: ಶಿಖರ, ಕಾಡು, ರಸ್ತೆ, ಕರೆಂಟ್ ಕಂಬ, ಕೆಳಗಿನ ಪಾರ್ಕಿಂಗ್ ಜಾಗ. ಮಬ್ಬು ದಿನ ಅದರಲ್ಲಿ ಅರ್ಧಕ್ಕರ್ಧ ಮುಚ್ಚಿಹೋಗುತ್ತದೆ. ಉಳಿದದ್ದರ ಮೇಲೆ ಕಣ್ಣು ನಿಲ್ಲುತ್ತದೆ.

ಇನ್ನೊಂದು ಕಾರಣ ಬೆಳಕಿನದು. ಮೋಡದಿಂದ ಸೋಸಿ ಬರುವ ಬೆಳಕಿಗೆ ಗಟ್ಟಿ ನೆರಳಿಲ್ಲ. ಬಿಸಿಲಿದ್ದಾಗ ಕಾಡಿನೊಳಗೆ ಎಲೆಯ ಒಂದು ಮಗ್ಗುಲು ಬೆಳ್ಳಗೆ ಸುಟ್ಟುಹೋಗಿರುತ್ತದೆ, ಪಕ್ಕದ್ದು ಕಡುಗಪ್ಪು. ಕ್ಯಾಮೆರಾಗೆ ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ. ಮೋಡ ಬಂದರೆ ಅದೇ ಕಾಡು ಹದವಾಗಿ ಕಾಣುತ್ತದೆ. ಮಳೆಗೆ ನೆನೆದ ತೊಗಟೆ ಕಪ್ಪಾಗುತ್ತದೆ. ಅದರ ಮುಂದೆ ಹಳದಿ ಎಲೆ ದೀಪ ಹಚ್ಚಿಟ್ಟ ಹಾಗಿರುತ್ತದೆ.

ಹಾಗಾದರೆ ಮಳೆ ಇದೆ ಅಂದ ದಿನವೆಲ್ಲ ಹೊರಡಬಹುದಾ?

ಬೇಡ. ಇಡೀ ದಿನ ಒಂದೇ ಸಮ ಸುರಿಯುತ್ತಿದ್ದರೆ ಬೆಟ್ಟವೇ ಕಾಣುವುದಿಲ್ಲ. ಬೂದು ಬಣ್ಣದ ಗೋಡೆಯ ಮುಂದೆ ನೆನೆಯುತ್ತಾ ನಿಂತಿರುತ್ತೀರಿ.

ಹವಾಮಾನ ಬದಲಾಗುವ ಹೊತ್ತನ್ನು ಹುಡುಕಿ. ಮಳೆ ಹಿಡಿಯುವ ಮುಂಚಿನ ಒಂದೆರಡು ಗಂಟೆ, ಬಿಟ್ಟ ಮೇಲಿನ ಒಂದೆರಡು ಗಂಟೆ. ಮೋಡ ಹರಿದು ಚೂರಾಗುವುದು, ಕಣಿವೆಯಿಂದ ಹಬೆಯ ಹಾಗೆ ಮಂಜು ಏಳುವುದು, ಒಂದು ಶಿಖರಕ್ಕೆ ಮಾತ್ರ ಬೆಳಕು ಬೀಳುವುದು, ಎಲ್ಲ ಆಗ. ಅದಕ್ಕೇ ದಿನದ ಮುನ್ಸೂಚನೆಗಿಂತ ಗಂಟೆಗಂಟೆಯ ಮುನ್ಸೂಚನೆ ನೋಡಿ. ಉಪಗ್ರಹ ಚಿತ್ರದಲ್ಲಿ ಮೋಡದ ಅಂಚು ಎಲ್ಲಿದೆ, ಯಾವ ಕಡೆ ಸರಿಯುತ್ತಿದೆ ಅಂತಲೂ ನೋಡಿ. ಸಂಜೆ ಸೂರ್ಯ ಮುಳುಗುವ ದಿಕ್ಕಿನಲ್ಲಿ ಮೋಡ ಮುಗಿದಿದ್ದರೆ ಬಿಡಬೇಡಿ. ಸೂರ್ಯ ಆ ಸಂದಿನಿಂದ ಇಣುಕಿದಾಗ ಇಡೀ ಮೋಡದ ಹೊಟ್ಟೆ ಕೆಂಪಾಗುತ್ತದೆ. ಕೆಲವೇ ನಿಮಿಷ ಇರುತ್ತದೆ, ಅಷ್ಟೆ.

ಮಸೂರದ ಆಕಾರದ ನುಣುಪು ಮೋಡ ಶಿಖರದ ಮೇಲೆ ಅಲುಗಾಡದೆ ನಿಂತಿದ್ದರೆ ಮೇಲೆ ಜೋರು ಗಾಳಿ ಇದೆ ಅಂತ ಅರ್ಥ. ಫೋಟೋಗೆ ಸೊಗಸು. ಅಲ್ಲಿಗೆ ಹತ್ತುವುದಕ್ಕೆ ಮಾತ್ರ ಒಳ್ಳೆಯ ದಿನವಲ್ಲ.

ಬೆಳಿಗ್ಗೆ ಕಣಿವೆಯಲ್ಲಿ ಮಂಜು ಇರುತ್ತದಾ ಅಂತ ಹಿಂದಿನ ರಾತ್ರಿಯೇ ಗೊತ್ತಾಗುತ್ತದಾ?

ಬಹುಮಟ್ಟಿಗೆ ಗೊತ್ತಾಗುತ್ತದೆ. ಕಣಿವೆಯ ಮಂಜಿಗೆ ಒದ್ದೆ ನೆಲ ಬೇಕು, ಮೋಡವಿಲ್ಲದ ಉದ್ದದ ರಾತ್ರಿ ಬೇಕು, ಗಾಳಿ ಹೆಚ್ಚುಕಮ್ಮಿ ನಿಂತಿರಬೇಕು. ಮೋಡ ಇಲ್ಲದಿದ್ದರೆ ನೆಲದ ಬಿಸಿ ಸಲೀಸಾಗಿ ಆಕಾಶಕ್ಕೆ ಹೋಗಿಬಿಡುತ್ತದೆ. ನೆಲ ತಣ್ಣಗಾದರೆ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ. ಅದು ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಹಾಗಾಗಿ ಮಂಜು ಮೇಲೇಳುವುದಿಲ್ಲ, ಮೇಲ್ಮೈ ಕೆರೆಯಂತೆ ಸಪಾಟಾಗಿರುತ್ತದೆ. ಶರತ್ಕಾಲದಲ್ಲಿ ಇದು ಜಾಸ್ತಿ ಆಗುವುದಕ್ಕೆ ಕಾರಣ ಇಷ್ಟೆ: ರಾತ್ರಿ ಉದ್ದವಾಗುತ್ತಾ ಹೋಗುತ್ತದೆ, ನೆಲದಲ್ಲಿ ತೇವ ಇನ್ನೂ ಇರುತ್ತದೆ.

ಹವಾಮಾನದ ಆಪ್‌ಗಳಲ್ಲಿ ಡ್ಯೂ ಪಾಯಿಂಟ್ ಅಂತ ಒಂದು ಅಂಕಿ ಇರುತ್ತದೆ. ಯಾವ ಉಷ್ಣತೆಗೆ ಇಳಿದರೆ ಗಾಳಿಯಲ್ಲಿರುವ ಆವಿ ಹನಿಯಾಗಲು ಶುರುವಾಗುತ್ತದೋ ಅದು. ಬೆಳಗಿನ ಜಾವದ ಉಷ್ಣತೆಗೂ ಅದಕ್ಕೂ ಒಂದೆರಡು ಡಿಗ್ರಿಗಿಂತ ಕಮ್ಮಿ ಅಂತರ ಇದ್ದು, ಗಾಳಿಯೂ ಇಲ್ಲದಿದ್ದರೆ ಅಲಾರಾಂ ಇಟ್ಟು ಮಲಗಿ. ನನ್ನ ಮಟ್ಟಿಗೆ ಸಂಜೆ ಮಳೆ ಬಂದು ರಾತ್ರಿ ನಕ್ಷತ್ರ ಕಂಡರೆ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ.

ಇದೇ ಅಂಕಿಯಿಂದ ಮೋಡದ ತಳ ಎಷ್ಟು ಎತ್ತರದಲ್ಲಿದೆ ಅಂತಲೂ ಅಂದಾಜು ಮಾಡಬಹುದು. ಹಗಲಿನಲ್ಲಿ ನೆಲ ಕಾದು ಗಾಳಿ ಮೇಲೇರಿ ಆಗುವ ಮೋಡಕ್ಕೆ ಈ ಲೆಕ್ಕ: ಉಷ್ಣತೆಗೂ ಡ್ಯೂ ಪಾಯಿಂಟ್‌ಗೂ ಇರುವ ಅಂತರದ ಒಂದೊಂದು ಡಿಗ್ರಿ ಸೆಲ್ಸಿಯಸ್‌ಗೆ 125 ಮೀಟರ್. ಕೆಳಗೆ 12 ಡಿಗ್ರಿ, ಡ್ಯೂ ಪಾಯಿಂಟ್ 8 ಡಿಗ್ರಿ ಅಂದರೆ ಮೋಡದ ತಳ ನಿಮ್ಮಿಂದ ಸುಮಾರು 500 ಮೀಟರ್ ಮೇಲೆ. ಶಿಖರ ಅದಕ್ಕಿಂತ ಎತ್ತರವಾಗಿದ್ದರೆ ಅದರ ತಲೆ ಮೋಡದೊಳಗಿರುತ್ತದೆ.

ಮಂಜಿನ ಮೇಲೆ ನಿಲ್ಲಬೇಕಾ, ಒಳಗಿರಬೇಕಾ?

ಎರಡೂ ಬೇರೆ ಬೇರೆ ಫೋಟೋ. ಮೇಲೆ ನಿಂತರೆ ಮೋಡದ ಕಡಲು, ಅದರಲ್ಲಿ ದ್ವೀಪದಂತೆ ತೇಲುವ ಶಿಖರಗಳು. ಒಳಗಿದ್ದರೆ ಕಾಡು, ಒಂಟಿ ಮರ, ಮಾಸುತ್ತಾ ಹೋಗುವ ಕಾಲುದಾರಿ. ನನಗೆ ಎಲ್ಲಕ್ಕಿಂತ ಇಷ್ಟ ಅಂಚು, ಅಂದರೆ ಮಂಜಿನ ಮೇಲ್ಮೈಯ ಮಟ್ಟ. ಅಲ್ಲಿ ಒಂದು ನಿಮಿಷ ಏನೂ ಕಾಣುವುದಿಲ್ಲ, ಮುಂದಿನ ನಿಮಿಷ ಎದುರಿನ ಬೆಟ್ಟ ಪೂರ್ತಿ ಕಾಣುತ್ತದೆ. ಸೂರ್ಯ ಮಂಜಿನ ಮೂಲಕ ತೂರಿ ಮರಗಳ ನಡುವೆ ಕೋಲು ಕೋಲಾಗಿ ಇಳಿಯುವುದೂ ಅಲ್ಲೇ.

ಅಂಚು ಒಂದೇ ಕಡೆ ನಿಲ್ಲುವುದಿಲ್ಲ. ಬಿಸಿಲೇರಿದ ಹಾಗೆ ಮಂಜು ಕದಲಿ ಮೇಲೆ ಬರುತ್ತದೆ, ಆಮೇಲೆ ಹರಿದು ಕರಗುತ್ತದೆ. ಹತ್ತಿ ಇಳಿಯುವ ದಾರಿ ಇರುವ ಜಾಗ ಆರಿಸಿಕೊಂಡರೆ ನೀವೂ ಅದರ ಜೊತೆ ಸರಿಯಬಹುದು.

ಮೇಲೆ ಹೋದೆ. ಎಲ್ಲ ಬೆಳ್ಳಗಿದೆ. ಏನೂ ಕಾಣುತ್ತಿಲ್ಲ. ಈಗ?

ಕಾಯಿರಿ. ಜಾಗ ಬದಲಿಸಬೇಡಿ. ಫ್ರೇಮ್ ಕಟ್ಟಿಕೊಂಡು, ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು, ಫೋಕಸ್ ಮುಗಿಸಿ ಕೂತುಬಿಡಿ.

ನಾನು ಒಮ್ಮೆ ಎರಡು ಗಂಟೆ ಕಾದು, ಸಾಕಾಗಿ, ಟ್ರೈಪಾಡ್ ಮಡಚಿ ಅರ್ಧ ದಾರಿ ಇಳಿದಿದ್ದೆ. ತಿರುಗಿ ನೋಡಿದರೆ ಇಡೀ ಬೆಟ್ಟ ತೆರೆದುಕೊಂಡಿತ್ತು. ಓಡಿ ಮೇಲೆ ಹತ್ತುವಷ್ಟರಲ್ಲಿ ಮತ್ತೆ ಮುಚ್ಚಿತು. ಸಿಟ್ಟು ಯಾರ ಮೇಲೆ ಮಾಡೋದು? ಅವತ್ತಿನಿಂದ ಹೊರಡುವ ಹೊತ್ತನ್ನು ಮೊದಲೇ ಗಟ್ಟಿ ಮಾಡಿಕೊಂಡಿರುತ್ತೇನೆ. ಅಲ್ಲಿಯವರೆಗೆ ಟ್ರೈಪಾಡ್ ಮುಟ್ಟುವುದಿಲ್ಲ.

ಕಾಯುವಾಗ ಸುಮ್ನೆ ಕೂರಬೇಕಿಲ್ಲ. ಕಾಲ ಬಳಿ ನೋಡಿ. ಹನಿ ಕಟ್ಟಿದ ಜೇಡರ ಬಲೆ, ಬಂಡೆಯ ಪಾಚಿ, ನೆನೆದ ತರಗೆಲೆ.

ಎಲೆಯ ಬಣ್ಣ ಯಾವಾಗ ಚೆನ್ನಾಗಿರುತ್ತದೆ?

ತಾರೀಕು ಹೇಳಲು ಆಗುವುದಿಲ್ಲ. ಎತ್ತರ, ಮರದ ಜಾತಿ, ಆ ವರ್ಷದ ಹವಾಮಾನ, ಎಲ್ಲ ಸೇರಿ ನಿರ್ಧಾರವಾಗುತ್ತದೆ. ಉತ್ತರಾರ್ಧಗೋಳದಲ್ಲಿ ಇದು ಸೆಪ್ಟೆಂಬರ್‌ನಿಂದ ನವೆಂಬರ್, ದಕ್ಷಿಣದಲ್ಲಿ ಮಾರ್ಚ್‌ನಿಂದ ಮೇ. ಬಣ್ಣ ಮೇಲಿನಿಂದ ಕೆಳಗೆ ಇಳಿಯುತ್ತದೆ. ಎತ್ತರದಲ್ಲಿ ಚಳಿ ಮೊದಲು ಬರುತ್ತದಲ್ವಾ, ಅದಕ್ಕೆ. ಹಾಗಾಗಿ ತಡವಾಯಿತು ಅನ್ನಿಸಿದರೆ ಕೆಳಗಿನ ಕಣಿವೆಗೆ ಹೋಗಿ.

ಹಳದಿ ಬಣ್ಣ ಎಲೆಯೊಳಗೆ ಮೊದಲಿನಿಂದಲೂ ಇರುತ್ತದೆ. ಹಸಿರು ಕರಗಿದ ಮೇಲೆ ಹೊರಗೆ ಕಾಣುತ್ತದೆ, ಅಷ್ಟೆ. ಕೆಂಪು ಹಾಗಲ್ಲ. ಅದನ್ನು ಎಲೆ ಆಗ ಹೊಸದಾಗಿ ತಯಾರಿಸುತ್ತದೆ. ಅದಕ್ಕೆ ಎಲೆಯಲ್ಲಿ ಸಕ್ಕರೆ ಉಳಿದಿರಬೇಕು. ಬಿಸಿಲಿನ ಹಗಲು, ಹೆಪ್ಪುಗಟ್ಟದಷ್ಟು ತಂಪು ರಾತ್ರಿ ಕೆಲವು ದಿನ ಬಂದರೆ ಕೆಂಪು ಗಾಢವಾಗುತ್ತದೆ. ಲಾರ್ಚ್ ಅನ್ನುವ ಸೂಜಿ ಎಲೆಯ ಮರ ಪೈನ್ ಥರ ಕಂಡರೂ ಪೂರ್ತಿ ಹೊನ್ನಾಗಿ ಎಲೆ ಉದುರಿಸುತ್ತದೆ. ಅದು ಇರುವ ಬೆಟ್ಟವಾದರೆ ಇಳಿಜಾರು ಇಳಿಜಾರೇ ಹಳದಿ.

ಜೋರು ಗಾಳಿಮಳೆ ಒಂದು ರಾತ್ರಿಯಲ್ಲಿ ಎಲ್ಲ ಬರಿದು ಮಾಡಬಲ್ಲದು. ಬಣ್ಣ ಮಾಗಿದೆ, ಬಿರುಗಾಳಿ ಬರಲಿದೆ ಅಂದರೆ ಅದಕ್ಕೆ ಮುಂಚೆಯೇ ಹೋಗಿ ಬನ್ನಿ.

ಮೋಡ ಇರುವಾಗ ಪೋಲರೈಸರ್ ಯಾಕೆ?

ಪೋಲರೈಸರ್ ಅಂದರೆ ಲೆನ್ಸ್ ಮುಂದೆ ಹಾಕಿ ತಿರುಗಿಸುವ, ಪ್ರತಿಫಲನ ತಗ್ಗಿಸುವ ಫಿಲ್ಟರ್. ಮೋಡ ಇರುವಾಗಲೇ ಅದು ಹೆಚ್ಚು ಬೇಕು. ಒದ್ದೆ ಎಲೆ, ಒದ್ದೆ ಬಂಡೆ, ಹೊಳೆಯ ನೀರು ಬಿಳಿ ಆಕಾಶವನ್ನು ಪ್ರತಿಫಲಿಸುತ್ತವೆ. ಬಣ್ಣದ ಮೇಲೆ ಬಿಳಿ ಪೊರೆ ಹಾಸಿದ ಹಾಗಾಗುತ್ತದೆ. ಪೋಲರೈಸರ್ ಅದನ್ನು ಕಳೆಯುತ್ತದೆ. ಎಡಿಟಿಂಗ್‌ನಲ್ಲಿ ಇದನ್ನು ಸರಿಯಾಗಿ ಮಾಡಲು ಬರುವುದಿಲ್ಲ. ಒಂದೇ ಫಿಲ್ಟರ್ ತೆಗೆದುಕೊಂಡು ಹೋಗಿ ಅಂದರೆ ನಾನು ಇದನ್ನೇ ಒಯ್ಯುತ್ತೇನೆ.

ಎರಡು ಎಚ್ಚರ. ಇದು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು). ಕತ್ತಲಾದ ಮೇಲೂ ಮರೆತು ಹಾಗೇ ಬಿಟ್ಟರೆ ಶಟರ್ (ಬೆಳಕು ಒಳಬಿಡುವ ಬಾಗಿಲು) ಸುಮ್ನೆ ನಿಧಾನವಾಗುತ್ತದೆ. ಮತ್ತೆ, ಕಾಮನಬಿಲ್ಲು ಬಂದಾಗ ತಪ್ಪು ಕೋನಕ್ಕೆ ತಿರುಗಿಸಿದರೆ ಬಿಲ್ಲೇ ಮಾಯ. ಸರಿಯಾಗಿ ತಿರುಗಿಸಿದರೆ ಇನ್ನೂ ಗಾಢ.

ನನ್ನ ಮಂಜಿನ ಫೋಟೋಗಳೆಲ್ಲ ಕೊಳಕು ಬೂದಾಗಿ ಬರುತ್ತವೆ. ಯಾಕೆ?

ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಎದುರಿಗೆ ಏನೇ ಇರಲಿ, ಅದನ್ನು ನಡುಬೂದು ಮಾಡಲು ನೋಡುತ್ತದೆ. ಬಿಳಿ ಮಂಜು ತುಂಬಿದ್ದರೆ ಅದನ್ನೂ ಬೂದು ಮಾಡುತ್ತದೆ. ಎಕ್ಸ್‌ಪೋಶರ್ ಕಾಂಪನ್ಸೇಶನ್, ಅಂದರೆ ಚಿತ್ರವನ್ನು ಬೆಳ್ಳಗೋ ಕಪ್ಪಗೋ ಮಾಡುವ ಸೆಟ್ಟಿಂಗ್ ಅನ್ನು +0.7ರಿಂದ +1.3ರವರೆಗೆ ಏರಿಸಿ. ಹಿಸ್ಟೋಗ್ರಾಮ್‌ನಲ್ಲಿ (ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ಎಷ್ಟಿದೆ ಅಂತ ತೋರಿಸುವ ನಕ್ಷೆ) ಮಂಜಿನ ಗುಡ್ಡೆ ನಡುವಿಗಿಂತ ಬಲಕ್ಕೆ ಇರಲಿ, ಬಲ ಅಂಚಿನ ಗೋಡೆಗೆ ಮಾತ್ರ ತಾಗಬಾರದು.

ಕಡುಗಪ್ಪು ಮೋಡ, ಕಪ್ಪು ಕಾಡು ಇದ್ದರೆ ತಿರುಗುಮುರುಗು. ಮೀಟರ್ ಅದನ್ನು ಬೆಳ್ಳಗೆ ಮಾಡಿ ಭಯವನ್ನೆಲ್ಲ ತೆಗೆದುಹಾಕುತ್ತದೆ. ಆಗ −0.7, ಕೆಲವೊಮ್ಮೆ −1. ಕಪ್ಪು ಬೆಟ್ಟದ ಮೇಲೆ ಒಂದು ತುಂಡು ಬಿಸಿಲು ಓಡಾಡುತ್ತಿದ್ದರೆ ಆ ಬಿಸಿಲಿನ ತುಂಡಿಗೆ ಎಕ್ಸ್‌ಪೋಸ್ ಮಾಡಿ. ಉಳಿದದ್ದು ಕಪ್ಪಾಗಲಿ ಬಿಡಿ.

ರಾ ಫೈಲ್‌ನಲ್ಲೇ, ಅಂದರೆ ಕ್ಯಾಮೆರಾ ತಾನು ತಿದ್ದದ ಮೂಲ ಫೈಲ್‌ನಲ್ಲೇ, ತೆಗೆಯಿರಿ. ಮಂಜಿನ ಮೆಲುವಾದ ಏರಿಳಿತ ಜೆಪೆಗ್‌ನಲ್ಲಿ ತಿದ್ದಲು ಹೋದರೆ ಪಟ್ಟೆ ಪಟ್ಟೆಯಾಗುತ್ತದೆ.

ಆಟೋಫೋಕಸ್ ಹಿಂದೆ ಮುಂದೆ ಓಡಾಡುತ್ತಲೇ ಇರುತ್ತದೆ.

ಅದಕ್ಕೆ ಹಿಡಿದುಕೊಳ್ಳಲು ಒಂದು ಗಟ್ಟಿ ಅಂಚು ಬೇಕು. ಮಂಜಿನಲ್ಲಿ ಅಂಚಿಲ್ಲ. ಮರದ ಕಾಂಡ, ಬಂಡೆಯ ಬದಿ ಯಾವುದಾದರೂ ಹುಡುಕಿ ಅಲ್ಲಿ ಫೋಕಸ್ ಮಾಡಿ, ತಕ್ಷಣ ಮ್ಯಾನುವಲ್‌ಗೆ ಬದಲಿಸಿ. ಅದೂ ಸಿಗದಿದ್ದರೆ ಪರದೆಯ ಮೇಲೆ ಚಿತ್ರ ಹಿಗ್ಗಿಸಿ ಕೈಯಲ್ಲೇ ತಿರುಗಿಸಿ.

ಅಪರ್ಚರ್ ಎಷ್ಟು? ಎಲ್ಲರೂ ಎಫ್/22 ಅನ್ನುತ್ತಾರೆ.

ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬರುವ ತೂತು. ಎಫ್ ಅಂಕಿ ದೊಡ್ಡದಾದಷ್ಟೂ ತೂತು ಸಣ್ಣದು. ಎಫ್/8ರಿಂದ ಎಫ್/11 ಸಾಕು. ಎಫ್/22ರಷ್ಟು ಮುಚ್ಚಿದರೆ ಬೆಳಕು ಸಣ್ಣ ತೂತಿನಲ್ಲಿ ಬಾಗಿ ಹರಡಿ ಇಡೀ ಚಿತ್ರ ಮೆತ್ತಗಾಗುತ್ತದೆ. ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್, ಎಫ್/11 ಇಟ್ಟು ಸುಮಾರು 1.8 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಒಂದು ಮೀಟರ್ ಒಳಗಿನಿಂದ ಹಿಡಿದು ಕೊನೆಯ ಬೆಟ್ಟದವರೆಗೆ ಸಾಕಷ್ಟು ಸ್ಪಷ್ಟವಾಗಿರುತ್ತದೆ. ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್‌ನಲ್ಲಿ ದೂರದ ಬೆಟ್ಟಗಳನ್ನಷ್ಟೇ ತೆಗೆಯುವಾಗ ಎಫ್/5.6 ಆದರೂ ನಡೆಯುತ್ತದೆ.

ಗಾಳಿಗೆ ಎಲೆಗಳೆಲ್ಲ ಅಲುಗಿ ಮಸುಕಾಗುತ್ತವೆ.

ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿ. ಟ್ರೈಪಾಡ್ ಇದೆ ಅಂತ 100ಕ್ಕೇ ಅಂಟಿಕೊಂಡು ಕೂರುವವರು ಬಹಳ. ಟ್ರೈಪಾಡ್ ಕ್ಯಾಮೆರಾವನ್ನು ಹಿಡಿಯುತ್ತದೆ, ಮರವನ್ನು ಹಿಡಿಯಲ್ವಲ್ಲ! ಶಟರ್ ವೇಗ ಸಣ್ಣ ಗಾಳಿಗೆ 1/125, ಜೋರಿದ್ದರೆ 1/500 ಸೆಕೆಂಡ್. ಅದಕ್ಕೆ ಐಎಸ್‌ಒ 800 ಅಥವಾ 1600 ಬೇಕಾದರೆ ಕೊಡಿ. ಸ್ವಲ್ಪ ಗ್ರೇನ್ (ಕಾಳುಕಾಳು) ಮಬ್ಬು ಹವೆಗೆ ಹೊಂದುತ್ತದೆ.

ಅಲುಗಾಟವೇ ಬೇಕು ಅಂದರೆ ಧೈರ್ಯವಾಗಿ ಒಂದೆರಡು ಸೆಕೆಂಡ್ ಬಿಡಿ. 1/15ರಂಥ ನಡುವಿನ ವೇಗದಲ್ಲಿ ತಪ್ಪಾಗಿ ಅಲುಗಿದ ಹಾಗೆ ಕಾಣುತ್ತದೆ. ಹೊಳೆ, ಜಲಪಾತಕ್ಕೆ 1/4ರಿಂದ 1 ಸೆಕೆಂಡ್ ನನ್ನ ಆಯ್ಕೆ. ಅದಕ್ಕಿಂತ ಉದ್ದವಾದರೆ ನೀರು ಹತ್ತಿಯಾಗುತ್ತದೆ.

ಮಳೆ ಬೀಳುತ್ತಿರುವುದು ಫೋಟೋದಲ್ಲಿ ಕಾಣುವುದೇ ಇಲ್ಲ.

ಹಿಂದೆ ಕಪ್ಪು ಕಾಡು ಬರುವ ಹಾಗೆ ನಿಲ್ಲಿ. ಟೆಲಿ ಲೆನ್ಸ್ ಹಾಕಿ 1/60ರಿಂದ 1/125 ಸೆಕೆಂಡ್ ಇಡಿ. ಹನಿ ಗೆರೆಗೆರೆಯಾಗಿ ಕಾಣುತ್ತದೆ. ಬೆಳಕು ಹನಿಗಳ ಹಿಂದಿನಿಂದ ಬಂದರೆ ಇನ್ನೂ ಚೆಂದ. ವರ್ಷದ ಮೊದಲ ಹಿಮ ಹಳದಿ ಎಲೆಯ ಮೇಲೆ ಬೀಳುವುದು ಅಪರೂಪಕ್ಕೆ ಸಿಗುತ್ತದೆ. ಅದಕ್ಕೆ 1/250 ಇಟ್ಟರೆ ಚುಕ್ಕಿಯಾಗಿ ನಿಲ್ಲುತ್ತದೆ.

ಯಾವ ಲೆನ್ಸ್ ಒಯ್ಯಲಿ?

ಬೆಟ್ಟ ಅಂದ ಕೂಡಲೇ ಅಗಲ ನೋಟದ ವೈಡ್ ಲೆನ್ಸ್ ಅನ್ನುತ್ತಾರೆ. ಮಬ್ಬು ದಿನಕ್ಕೆ ನಾನು 70–200 ಮಿ.ಮೀ. ಅನ್ನುತ್ತೇನೆ. ವೈಡ್‌ನಲ್ಲಿ ದೊಡ್ಡ ಬೂದು ಆಕಾಶ ಸುಮ್ನೆ ಬಂದು ಕೂರುತ್ತದೆ, ಎಷ್ಟೋ ಎತ್ತರದ ಬೆಟ್ಟ ಗೆದ್ದಲ ಹುತ್ತದಷ್ಟಾಗುತ್ತದೆ. ಟೆಲಿಯಲ್ಲಿ ಬೇಕಾದ ತುಂಡನ್ನಷ್ಟೇ ಕತ್ತರಿಸಿಕೊಳ್ಳಬಹುದು. ಒಂದರ ಹಿಂದೆ ಒಂದು ಬೆಟ್ಟದ ಸಾಲು, ಒಂದಕ್ಕಿಂತ ಒಂದು ತೆಳು. ದೂರ ಹೆಚ್ಚಿದಷ್ಟೂ ನಡುವಿನ ಗಾಳಿಯಲ್ಲಿ ಚದುರಿದ ಬೆಳಕು ಜಾಸ್ತಿ ಸೇರುತ್ತದೆ. ತಿಳಿ ಗಾಳಿಯಲ್ಲಿ ಆ ಬೆಳಕು ನೀಲಿ, ಮಂಜಿನ ದೊಡ್ಡ ಹನಿಗಳಲ್ಲಿ ಬಿಳಿ. ಆ ಪದರಗಳನ್ನು ಟೆಲಿ ಹತ್ತಿರ ತಂದು ಒಂದರ ಮೇಲೊಂದು ಜೋಡಿಸಿದ ಹಾಗೆ ತೋರಿಸುತ್ತದೆ.

ಮಂಜಿನ ಕಾಡಿನೊಳಗೆ 35 ಅಥವಾ 50 ಮಿ.ಮೀ. ಚೆನ್ನಾಗಿ ಒಗ್ಗುತ್ತದೆ.

ಬಿಳಿ ಆಕಾಶ ಏನು ಮಾಡಲಿ?

ಫ್ರೇಮ್‌ನಿಂದ ಹೊರಗಿಡಿ. ಆಕಾಶದಲ್ಲಿ ಮೋಡದ ಆಕಾರ ಇದ್ದರೆ ಜಾಗ ಕೊಡಿ, ಬರೀ ಬಿಳಿ ಹಾಳೆಯಾಗಿದ್ದರೆ ಒಂದು ತೆಳು ಪಟ್ಟಿಗಿಂತ ಜಾಸ್ತಿ ಬೇಡ. ಒಂಟಿ ಮರವೋ ಒಂದು ಶಿಖರದ ತುದಿಯೋ ಮಂಜಿನಿಂದ ಹೊರಗೆ ಬಂದಿದ್ದರೆ ಮಾತ್ರ ಸುತ್ತ ಧಾರಾಳವಾಗಿ ಖಾಲಿ ಬಿಡಿ. ಅಲ್ಲಿ ಖಾಲಿಯೇ ಕೆಲಸ ಮಾಡುತ್ತದೆ.

ಎದುರಿಗೆ ನೋಡಿದಾಗ ಮೈ ಜುಂ ಅಂದಿತ್ತು, ಫೋಟೋದಲ್ಲಿ ಏನೂ ಇಲ್ಲ. ಯಾಕೆ?

ಬಹಳ ಸಲ ಕಾರಣ ಅಳತೆ. ಅಲ್ಲಿ ನಿಂತಾಗ ಬೆಟ್ಟ ಎಷ್ಟು ದೊಡ್ಡದು ಅಂತ ಮೈಗೆ ಗೊತ್ತಿರುತ್ತದೆ. ಫೋಟೋ ನೋಡುವವರಿಗೆ ಗೊತ್ತಾಗಲು ಏನಾದರೂ ಬೇಕು: ಒಂದು ಗುಡಿಸಲು, ಒಂದು ಸಾಲು ಮರ, ದಾರಿಯಲ್ಲಿ ಹೋಗುವ ಒಬ್ಬ ಮನುಷ್ಯ. ಚಿಕ್ಕದಾಗಿರಲಿ. ದೊಡ್ಡ ಮಾಡಿದರೆ ಬೆಟ್ಟ ಅವರ ಹಿಂದಿನ ಪರದೆಯಾಗುತ್ತದೆ.

ಇನ್ನೊಂದು ಕಾರಣ, ಎಲ್ಲ ಒಂದೇ ಬೂದಾಗಿರುವುದು. ಮಂಜಿನ ಚಿತ್ರದಲ್ಲಿ ಎಲ್ಲಾದರೂ ಒಂದು ಕಡೆ ಗಟ್ಟಿ ಕಪ್ಪು ಬೇಕು. ಹತ್ತಿರದ ಒಂದು ಕೊಂಬೆ, ನೆನೆದ ಬಂಡೆ. ಅದು ಇದ್ದರೆ ಹಿಂದಿನ ತೆಳು ಬಣ್ಣ ತೆಳುವಾಗಿಯೇ ಕಾಣುತ್ತದೆ. ಫೋನಿನ ಪರದೆಯಲ್ಲಿ ಬೆರಳುಗುರಿನಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ಏನೋ ಇದೆ ಅನ್ನಿಸಿದರೆ ಚಿತ್ರ ನಿಲ್ಲುತ್ತದೆ.

ವೈಟ್ ಬ್ಯಾಲೆನ್ಸ್?

ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಬಣ್ಣ ಹೊಂದಿಸುವ ಈ ಸೆಟ್ಟಿಂಗ್ ಅನ್ನು ಆಟೋದಲ್ಲಿ ಬಿಡಬೇಡಿ. ಮುಂಜಾನೆಯ ನೀಲಿ ಕಂಡರೆ ಅದನ್ನು ದೋಷ ಅಂದುಕೊಂಡು ತಿದ್ದಿಬಿಡುತ್ತದೆ. ಡೇಲೈಟ್, ಅಂದರೆ ಸುಮಾರು 5,500 ಕೆಲ್ವಿನ್‌ಗೆ ಕಟ್ಟಿಹಾಕಿ. ಕಾಡಿನ ಹಳದಿ ಬೆಚ್ಚಗಿರಬೇಕಿದ್ದರೆ 6,000ದಿಂದ 6,500. ರಾ ಫೈಲ್ ಆದರೆ ಮನೆಯಲ್ಲೂ ಬದಲಿಸಬಹುದು. ಆದರೆ ಅವತ್ತು ಕಣ್ಣಿಗೆ ಹೇಗಿತ್ತು ಅಂತ ಎರಡು ದಿನ ಬಿಟ್ಟು ನೆನಪಿರುವುದಿಲ್ಲ.

ಮಳೆಯಲ್ಲಿ ಕ್ಯಾಮೆರಾ, ಲೆನ್ಸ್ ಕಾಪಾಡುವುದು ಹೇಗೆ?

ಲೆನ್ಸ್ ಹುಡ್ ಯಾವಾಗಲೂ ಇರಲಿ. ಕಾಯುವಾಗ ಲೆನ್ಸ್ ನೆಲಕ್ಕೆ ಮುಖ ಮಾಡಿರಲಿ. ಕ್ಯಾಮೆರಾ ಮೇಲೆ ಸ್ನಾನದ ಟೋಪಿ ಹಾಕಿ. ನಗಬೇಡಿ, ಎಲಾಸ್ಟಿಕ್ ಇರುವುದರಿಂದ ಗಾಳಿಗೆ ಹಾರುವುದಿಲ್ಲ, ಒಂದು ಸೆಕೆಂಡಿನಲ್ಲಿ ತೆಗೆಯಬಹುದು. ಒರೆಸುವ ಬಟ್ಟೆ ನಾಲ್ಕೈದು ಇರಲಿ, ಬೇರೆ ಬೇರೆ ಜೇಬಿನಲ್ಲಿ. ಒಂದು ನೆನೆದರೆ ಮುಗಿಯಿತು, ಆಮೇಲೆ ಅದು ನೀರು ಬಳಿಯುತ್ತದೆ ಅಷ್ಟೆ. ಗಾಳಿಯ ಕಡೆ ಮುಖ ಮಾಡಿ ತೆಗೆಯಲೇಬೇಕಾದರೆ ಒರೆಸಿ, ಕ್ಲಿಕ್ಕಿಸಿ, ಮತ್ತೆ ಒರೆಸಿ. ಬೇರೆ ದಾರಿ ಇಲ್ಲ. ಮಳೆ ತಡೆಯುತ್ತದೆ ಅಂತ ಕ್ಯಾಮೆರಾ ಪೆಟ್ಟಿಗೆಯ ಮೇಲೆ ಬರೆದಿದ್ದರೆ ಅದನ್ನು ತುಂತುರಿಗೆ ಮಾತ್ರ ನಂಬಿ.

ಲೆನ್ಸ್ ಮೇಲೆ ಪದೇ ಪದೇ ಹಬೆ ಕಟ್ಟುತ್ತದೆ.

ಗಾಜು ಸುತ್ತಲಿನ ಗಾಳಿಯ ಡ್ಯೂ ಪಾಯಿಂಟ್‌ಗಿಂತ ತಣ್ಣಗಾದರೆ ಹಾಗಾಗುತ್ತದೆ. ಕೈ ಬೆಚ್ಚಗೆ ಇಡುವ ಹೀಟ್ ಪ್ಯಾಕ್ ಒಂದನ್ನು ರಬ್ಬರ್ ಬ್ಯಾಂಡ್ ಹಾಕಿ ಲೆನ್ಸಿನ ಕೊಳವೆಗೆ ಕಟ್ಟಿ. ಉಸಿರು ಬೇರೆ ಕಡೆ ಬಿಡಿ, ಇದನ್ನು ನಾನು ಈಗಲೂ ಮರೆಯುತ್ತೇನೆ.

ವಾಪಸ್ ಬಂದ ಮೇಲೆ ಬೆಚ್ಚನೆ ಕೋಣೆಯಲ್ಲಿ ತಣ್ಣನೆ ಕ್ಯಾಮೆರಾ ತೆಗೆದರೆ ಒಳಗೂ ಹೊರಗೂ ನೀರು ಕಟ್ಟುತ್ತದೆ. ಹೊರಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಬ್ಯಾಗಿಗೆ ಹಾಕಿ. ಒಂದೆರಡು ಗಂಟೆ ಮುಟ್ಟಬೇಡಿ. ಮೆಮೊರಿ ಕಾರ್ಡ್ ಮೊದಲೇ ತೆಗೆದಿಟ್ಟುಕೊಂಡರೆ ತಡೆಯಲಾರದೆ ಚೀಲ ಬಿಚ್ಚುವ ಆಸೆ ಇರುವುದಿಲ್ಲ.

ಬ್ಯಾಟರಿ ಬೇಗ ಮುಗಿಯುತ್ತದೆ.

ಚಳಿಗೆ ಲಿಥಿಯಂ ಬ್ಯಾಟರಿಯ ಶಕ್ತಿ ಇಳಿಯುತ್ತದೆ. ಹೆಚ್ಚಿನದನ್ನು ಒಳ ಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಿ. ಮುಗಿಯಿತು ಅಂತ ತೆಗೆದದ್ದು ಬೆಚ್ಚಗಾದ ಮೇಲೆ ಇನ್ನಷ್ಟು ಫೋಟೋ ಕೊಡುವುದುಂಟು.

ಗಾಳಿಗೆ ಟ್ರೈಪಾಡ್ ಅಲುಗುತ್ತದೆ.

ನಡುವಿನ ಕಂಬ ಎತ್ತಬೇಡಿ. ಕಾಲು ಅಗಲಿಸಿ ತಗ್ಗಿಸಿ. ಬ್ಯಾಗನ್ನು ಕೆಳಗೆ ಜೋತು ಹಾಕುವುದಾದರೆ ನೆಲಕ್ಕೆ ತಾಗುವ ಹಾಗೆ ಹಾಕಿ. ಇಲ್ಲದಿದ್ದರೆ ಅದೇ ಉಯ್ಯಾಲೆಯಾಡಿ ಅಲುಗಿಸುತ್ತದೆ. 2 ಸೆಕೆಂಡ್ ಟೈಮರ್ ಇಡಿ.

ಫೋನಿನಲ್ಲೇ ತೆಗೆಯಬಹುದಾ?

ಧಾರಾಳವಾಗಿ. ಮೊದಲು ಲೆನ್ಸ್ ಒರೆಸಿ. ಪರದೆ ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಮಂಜಿದ್ದರೆ ಬೆಳಕು ಸ್ವಲ್ಪ ಮೇಲೆ, ಕಪ್ಪು ಮೋಡವಿದ್ದರೆ ಕೆಳಗೆ ಎಳೆಯಿರಿ. ಎರಡನೇ ಕ್ಯಾಮೆರಾ, ಅಂದರೆ 2x ಅಥವಾ 3x ಟೆಲಿ ಇದ್ದರೆ ಅದನ್ನು ಬಳಸಿ. ಕಪ್ಪು ಬಿಳುಪಿನ ಅಂತರ ತಗ್ಗಿಸುವ ಎಚ್‌ಡಿಆರ್ ಆಫ್ ಮಾಡಲು ಬಂದರೆ ಮಾಡಿ. ಫೋನ್ ತನ್ನ ಜಾಣತನದಿಂದ ಮಂಜನ್ನು ತೆಗೆದು ಎಲ್ಲ ಸ್ಪಷ್ಟ ಮಾಡಿಕೊಡುತ್ತದೆ. ನಾವು ಬಂದದ್ದೇ ಆ ಮಂಜಿಗೆ.

ಡ್ರೋನ್ ಹಾರಿಸಲಾ?

ಮಂಜಿನೊಳಗೆ ಬೇಡ. ಕಣ್ಣಿಗೆ ಕಾಣದ ಡ್ರೋನ್ ಎಲ್ಲಿಗೆ ಬೇಕಾದರೂ ಬಡಿಯಬಹುದು. ಶೂನ್ಯದ ಹತ್ತಿರದ ಉಷ್ಣತೆಯಲ್ಲಿ ರೆಕ್ಕೆಗೆ ಮಂಜುಗಡ್ಡೆ ಕಟ್ಟಿ ಬೀಳಲೂಬಹುದು.

ಮಂಜಿನ ಮೇಲೆ ನನ್ನ ನೆರಳಿನ ಸುತ್ತ ಬಣ್ಣದ ಬಳೆ ಕಂಡಿತು. ಏನದು?

ಅದೃಷ್ಟವಂತರು ನೀವು. ಬಳೆಗೆ ಗ್ಲೋರಿ ಅಂತ, ಆ ನೆರಳಿಗೆ ಬ್ರೋಕನ್ ಭೂತ ಅಂತ ಅನ್ನುತ್ತಾರೆ. ಜರ್ಮನಿಯ ಹಾರ್ಜ್ ಬೆಟ್ಟಗಳಲ್ಲಿ 1,141 ಮೀಟರ್ ಎತ್ತರದ ಬ್ರೋಕನ್ ಶಿಖರದಿಂದ ಬಂದ ಹೆಸರು. 1780ರಲ್ಲಿ ಯೋಹಾನ್ ಸಿಲ್ಬರ್‌ಶ್ಲಾಗ್ ಅನ್ನುವವರು ಇದನ್ನು ವಿವರಿಸಿದರು. ಸೂರ್ಯ ತಗ್ಗಿನಲ್ಲಿ ಬೆನ್ನ ಹಿಂದೆ, ಮಂಜು ಎದುರಿಗೆ ತುಸು ಕೆಳಗೆ ಇರಬೇಕು. ಪಕ್ಕದಲ್ಲಿ ನಿಂತ ಗೆಳೆಯನಿಗೆ ಬಳೆ ಅವನ ತಲೆಯ ಸುತ್ತ ಮಾತ್ರ ಕಾಣುತ್ತದೆ, ನಿಮಗೆ ನಿಮ್ಮದು. ಯಾರು ದೊಡ್ಡವರು ಅಂತ ಜಗಳ ಆಡಬೇಕಿಲ್ಲ.

ಕಾಮನಬಿಲ್ಲಿಗೂ ಇದೇ ದಿಕ್ಕು. ಸೂರ್ಯ ದಿಗಂತದಿಂದ 42 ಡಿಗ್ರಿಗಿಂತ ಕಮ್ಮಿ ಎತ್ತರದಲ್ಲಿದ್ದರೆ ಮಾತ್ರ ಸಮತಟ್ಟಾದ ನೆಲದಲ್ಲಿ ನಿಂತವರಿಗೆ ಬಿಲ್ಲು ಕಾಣುತ್ತದೆ. ಶರತ್ಕಾಲದಲ್ಲಿ ಸೂರ್ಯ ತಗ್ಗಿ ಸಾಗುವುದರಿಂದ ದಿನದ ಹೆಚ್ಚು ಹೊತ್ತು ಅವಕಾಶ ಇರುತ್ತದೆ. ಪೂರ್ತಿ ಬಿಲ್ಲಿನ ಅಗಲ ಸುಮಾರು 84 ಡಿಗ್ರಿ. ಫುಲ್ ಫ್ರೇಮ್‌ನಲ್ಲಿ 20 ಮಿ.ಮೀ. ಲೆನ್ಸ್‌ಗೆ ಅದು ಅಂಚಿಗಂಚು ಸರಿಯಾಗುತ್ತದೆ, 16 ಅಥವಾ 18 ಇದ್ದರೆ ಉಸಿರಾಡಲು ಜಾಗ. ಮಂಜಿನಲ್ಲಿ ಬಣ್ಣವಿಲ್ಲದ ಬಿಳಿ ಬಿಲ್ಲೂ ಮೂಡುತ್ತದೆ. ಹನಿಗಳು ತೀರಾ ಸಣ್ಣವಿದ್ದಾಗ ಬಣ್ಣಗಳು ಒಂದರ ಮೇಲೊಂದು ಹರಡಿ ಬೆಳ್ಳಗಾಗುತ್ತವೆ.

ಎಡಿಟ್ ಮಾಡುವಾಗ ಡಿಹೇಜ್ ಎಷ್ಟು ಕೊಡಲಿ?

ಡಿಹೇಜ್ ಅಂದರೆ ಮಂಜು ತೆಗೆದು ಚಿತ್ರ ತಿಳಿ ಮಾಡುವ ಎಡಿಟಿಂಗ್ ಸಾಧನ. ಕೊಡಬೇಡಿ. ಕೊಡಲೇಬೇಕಾದರೆ ಇಡೀ ಚಿತ್ರಕ್ಕೆ ಬೇಡ, ಹತ್ತಿರದ ಮರಕ್ಕೋ ಬಂಡೆಗೋ ಮಾಸ್ಕ್ ಹಾಕಿ (ಅಷ್ಟನ್ನೇ ಆರಿಸಿ) ಒಂದಿಷ್ಟು. ಅದರ ಬದಲು ಹಿನ್ನೆಲೆಗೆ ಸ್ವಲ್ಪ ಮೈನಸ್ ಕೊಟ್ಟು ನೋಡಿ, ಆಳ ಹೆಚ್ಚುತ್ತದೆ. ಹಿಸ್ಟೋಗ್ರಾಮ್ ಎರಡೂ ಗೋಡೆಗೆ ತಾಗಲೇಬೇಕು ಅನ್ನುವ ಪಾಠ ಮಂಜಿಗೆ ಹೊಂದುವುದಿಲ್ಲ.

ಬಣ್ಣದಲ್ಲಿ ಎಲ್ಲರೂ ಎಡವುವುದು ಕಿತ್ತಳೆಯಲ್ಲಿ. ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಎಳೆದರೆ ಕಾಡಿಗೆ ಬೆಂಕಿ ಬಿದ್ದ ಹಾಗೆ ಕಾಣುತ್ತದೆ. ಹಳದಿ, ಕಿತ್ತಳೆಯ ಹೊಳಪನ್ನು, ಅಂದರೆ ಲ್ಯೂಮಿನನ್ಸ್ ಅನ್ನು, ತುಸು ಏರಿಸಿ. ಹಸಿರನ್ನು ತುಸು ಇಳಿಸಿ. ಎಲೆ ತಾನಾಗಿಯೇ ಮುಂದೆ ಬರುತ್ತದೆ. ಮುಗಿದ ಮೇಲೆ ಒಂದು ರಾತ್ರಿ ಬಿಟ್ಟು ನೋಡಿ. ನಾನು ಬೆಳಿಗ್ಗೆ ಎದ್ದು ಅರ್ಧದಷ್ಟು ವಾಪಸ್ ಇಳಿಸುತ್ತೇನೆ.

ಕಪ್ಪುಬಿಳುಪು ಮಾಡಿದರೆ?

ಎಲೆ ಉದುರಿದ ಮೇಲಿನ ದಿನಗಳಿಗೆ, ಹರಿದ ಮೋಡಗಳಿಗೆ ಚೆನ್ನ. ಬಣ್ಣ ಸರಿ ಬಂದಿಲ್ಲ ಅನ್ನುವ ಒಂದೇ ಕಾರಣಕ್ಕೆ ಮಾಡಿದ್ದು ಸಾಮಾನ್ಯವಾಗಿ ಗೊತ್ತಾಗಿಬಿಡುತ್ತದೆ.

ಒಬ್ಬನೇ ಹೋಗುತ್ತೇನೆ. ಯಾವುದಕ್ಕೆ ಹೆದರಬೇಕು?

ಎಲ್ಲಿ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಒಬ್ಬರಿಗೆ ಹೇಳಿ ಹೋಗಿ. ಬಾಕಿಯೆಲ್ಲ ಆಮೇಲೆ.

ಮೊದಲ ಅಪಾಯ ಜಾರುವುದು. ಒದ್ದೆ ತರಗೆಲೆ ಹಾಸಿದ ಇಳಿಜಾರು ಸೋಪು ಬಳಿದ ಹಾಗೆ. ಕಣ್ಣು ವ್ಯೂಫೈಂಡರ್‌ನಲ್ಲಿ ಇಟ್ಟು ಒಂದು ಹೆಜ್ಜೆಯೂ ಹಿಂದೆ ಸರಿಯಬೇಡಿ. ಎರಡನೆಯದು ಚಳಿ. 1,000 ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ನೆನೆದ ಮೈಗೆ ಗಾಳಿ ಬಡಿದರೆ ಅದು ಇನ್ನೂ ಜಾಸ್ತಿ ಅನ್ನಿಸುತ್ತದೆ. ಹತ್ತಿ ಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ, ಉಣ್ಣೆ ಅಥವಾ ಸಿಂಥೆಟಿಕ್ ಹಾಕಿ. ಹತ್ತುವಾಗ ಬೆವರುತ್ತೀರಿ, ಆಮೇಲೆ ಗಂಟೆಗಟ್ಟಲೆ ಅಲುಗದೆ ನಿಲ್ಲುತ್ತೀರಿ. ನಡೆಯುವವರಿಗಿಂತ ನಮಗೆ ಒಂದು ಪದರ ಜಾಸ್ತಿ ಬೇಕು.

ಮೂರನೆಯದು ಕತ್ತಲೆ. ಸೂರ್ಯ ದಿನದಿನಕ್ಕೂ ಬೇಗ ಮುಳುಗುತ್ತಾನೆ, ಒಳ್ಳೆಯ ಬೆಳಕು ಕೊನೆಗೇ ಬರುತ್ತದೆ. ತಲೆಗೆ ಕಟ್ಟುವ ಟಾರ್ಚ್ ಬೆಳಿಗ್ಗೆಯ ಪ್ರವಾಸಕ್ಕೂ ಬ್ಯಾಗಿನಲ್ಲಿರಲಿ. ಮಂಜಿನಲ್ಲಿ ಗೊತ್ತಿರುವ ದಾರಿಯೂ ತಪ್ಪುತ್ತದೆ. ನಕ್ಷೆಯನ್ನು ನೆಟ್‌ವರ್ಕ್ ಇಲ್ಲದಾಗಲೂ ತೆರೆಯುವ ಹಾಗೆ ಇಳಿಸಿಕೊಂಡಿರಿ.

ಮಿಂಚು ಕಂಡು ಗುಡುಗು ಕೇಳುವುದಕ್ಕೆ 30 ಸೆಕೆಂಡಿಗಿಂತ ಕಮ್ಮಿ ಹಿಡಿದರೆ ಸಿಡಿಲು 10 ಕಿ.ಮೀ. ಒಳಗಿದೆ. ನೆತ್ತಿ ಬಿಟ್ಟು ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಮತ್ತೆ ಹತ್ತಬೇಡಿ. ಸಿಕ್ಕಿಹಾಕಿಕೊಂಡರೆ ಬೆಟ್ಟಗಳಲ್ಲಿ ಬಹಳ ಕಡೆ ಗೊತ್ತಿರುವ ಸಂಕೇತ ಇದೆ: ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದುವುದು ಅಥವಾ ಟಾರ್ಚ್ ಮಿನುಗಿಸುವುದು, ಒಂದು ನಿಮಿಷ ಬಿಡುವು, ಮತ್ತೆ ಆರು. ನಿಮಿಷಕ್ಕೆ ಮೂರು ಸಲ ಉತ್ತರ ಬಂದರೆ ಯಾರೋ ಕೇಳಿಸಿಕೊಂಡಿದ್ದಾರೆ.

ಮೂರು ಸಲ ಹೋದೆ. ಮೂರು ಸಲವೂ ಖಾಲಿ ಕೈ. ಜಾಗ ಬದಲಿಸಲಾ?

ನಾಲ್ಕನೇ ಸಲವೂ ಅಲ್ಲಿಗೇ ಹೋಗಿ. ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಿ: ಹಿಂದಿನ ರಾತ್ರಿ ಉಷ್ಣತೆ ಎಷ್ಟು, ಡ್ಯೂ ಪಾಯಿಂಟ್ ಎಷ್ಟು, ಗಾಳಿ ಯಾವ ಕಡೆಯದು, ಮಂಜು ಯಾವ ಮಟ್ಟದಲ್ಲಿತ್ತು, ಎಷ್ಟು ಹೊತ್ತಿಗೆ ಒಡೆಯಿತು, ಮೊದಲ ಬೆಳಕು ಯಾವ ಇಳಿಜಾರಿಗೆ ಬಿತ್ತು. ಒಂದೇ ಕಣಿವೆಯ ಐದಾರು ಬೆಳಗಿನ ಲೆಕ್ಕ ಸೇರಿದರೆ, ಹಾಸಿಗೆಯಿಂದ ಏಳಬೇಕಾ ಬೇಡವಾ ಅನ್ನುವುದನ್ನು ಕಿಟಕಿಯಲ್ಲಿ ಇಣುಕಿಯೇ ಹೇಳುತ್ತೀರಿ.